ಟ್ಯಾಂಕಿನೊಳಗಿನ ದನಿ

ದೆವ್ವ, ಗಾಳಿ, ಸೋಕು ಎಂದರೆ ನಗುತ್ತಿದ್ದವನು ನಾನು. ಹಗಲೆಲ್ಲ ಕಬ್ಬಿಣದ ಜೊತೆ ಏಗುವವನಿಗೆ ಇಂಥದ್ದರಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಈಗಲೂ ಯಾರಾದರೂ ಅಂಥ ಕಥೆ ಹೇಳಿದರೆ ಪೂರ್ತಿ ನಂಬುವುದಿಲ್ಲ. ಆದರೆ ಬಂಗಾರಪೇಟೆಯ ಎಣ್ಣೆ ಡಿಪೋದಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನೆನೆದರೆ, ನಗು ಮಾತ್ರ ಬರುವುದಿಲ್ಲ.

ಆಗ ನಾನು ಅಲ್ಲಿ ಫಿಟ್ಟರ್. ಮದ್ರಾಸಿನಿಂದ ರೈಲಿನಲ್ಲಿ ಬಂದ ಎಣ್ಣೆಯನ್ನು ದೊಡ್ಡ ಕಬ್ಬಿಣದ ಟ್ಯಾಂಕುಗಳಿಗೆ ತುಂಬಿಸಿ, ಆಮೇಲೆ ಊರಿಗಾಂ, ನಂದಿದುರ್ಗದ ಚಿನ್ನದ ಗಣಿಗಳಿಗೆ ಕಳಿಸುವುದು ನಮ್ಮ ಕೆಲಸ. ನನ್ನ ಜೊತೆಗಾರ ಮುನಿವೆಂಕಟಪ್ಪ ಪಕ್ಕದ ಹಳ್ಳಿಯವನು, ನನಗಿಂತ ಚಿಕ್ಕವನು. ಬಾಯಿ ಜಾಸ್ತಿ. ತಮಿಳರ ಹತ್ತಿರ ತಮಿಳು, ತೆಲುಗರ ಹತ್ತಿರ ತೆಲುಗು, ನನ್ನ ಹತ್ತಿರ ಎರಡನ್ನೂ ಬೆರೆಸಿದ ಕನ್ನಡ. ತುಸು ಒಡಕು ದನಿ. ಸಂತೆಯ ಗದ್ದಲದಲ್ಲೂ ಅವನದೆಂದು ಗುರುತು ಹಿಡಿಯಬಹುದಿತ್ತು.

ಅವತ್ತು ಒಂದು ಟ್ಯಾಂಕು ಬರಿದು ಮಾಡಿ ತಳದ ಗಸಿ ಕೆರೆಯುವುದಿತ್ತು. ಕಿಡಿ ಬಿದ್ದರೆ ಗತಿಯಿಲ್ಲವಾದ್ದರಿಂದ ಒಳಗೆ ದೀಪ ಒಯ್ಯುವಂತಿರಲಿಲ್ಲ. ಕೆಳಗಡೆ ಒಬ್ಬ ಮನುಷ್ಯ ನುಸುಳುವಷ್ಟು ಬಾಯಿ. ಅದರ ಎದುರು ನಿಂತು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಬಿಡುತ್ತಿದ್ದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುನಿವೆಂಕಟಪ್ಪ ಒಬ್ಬನೇ ಒಳಗೆ ಹೋದ. ಕೆಲಸ ಮುಗಿದ ಮೇಲೆ ಹಗ್ಗ ಹಿಡಿದು ಅವನನ್ನು ಈಚೆಗೆ ಎಳೆದುಕೊಂಡೆ. ಎಣ್ಣೆಯ ಆವಿಗೆ ತಲೆ ತಿರುಗುತ್ತಿದ್ದುದರಿಂದ ಸ್ವಲ್ಪ ಹೊತ್ತು ಕೂತು, ಮುಖ ತೊಳೆದ. ಇಬ್ಬರೂ ಸೇರಿ ಮುಚ್ಚಳ ಇಟ್ಟು ಬೋಲ್ಟು ಬಿಗಿದೆವು.

ಪಂಪಿನ ಕಡೆ ತಿರುಗಿದೆ. ಟ್ಯಾಂಕಿನ ಒಳಗಿಂದ ಯಾರೋ ಬಡಿದರು.

"ಅಣ್ಣಾ, ಮುಚ್ಚಳ ತೆಗಿಯಣ್ಣಾ. ನಾನಿನ್ನೂ ಒಳಗೇ ಇದೀನಿ!"

ಮುನಿವೆಂಕಟಪ್ಪನ ದನಿ. ತಿರುಗಿ ನೋಡಿದರೆ ಅವನು ನನ್ನ ಮಗ್ಗುಲಲ್ಲೇ ಸ್ಪ್ಯಾನರು ಹಿಡಿದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಕೇಳಿಸ್ತೇನ್ಲಾ?" ಎಂದೆ.

"ಅದು ನನ್ ದನಿ ಕಣಣ್ಣ," ಎಂದ.

ಬೋಲ್ಟು ಬಿಚ್ಚಿದೆವು. ಕನ್ನಡಿಯ ಬೆಳಕು ಸಾಲದೆಂದು ನಾನೇ ಒಳಗೆ ನುಗ್ಗಿ, ಕಬ್ಬಿಣದ ಗೋಡೆಗೆ ಕೈ ಆನಿಸಿಕೊಂಡು ಸುತ್ತಿ ಬಂದೆ. ಯಾರೂ ಇರಲಿಲ್ಲ. ಗಲಾಟೆ ಕೇಳಿ ಮೇಸ್ತ್ರಿ ಬಂದರು. "ಆವಿ ತಲೆಗೇರೈತೆ ನಿಮ್ಗೆ. ವ್ಯಾಗನ್ನು ಎಷ್ಟೊತ್ತು ನಿಲ್ಸಾದು? ತುಂಬ್ಸಿ ಮೊದ್ಲು," ಎಂದು ಬೈದರು. ಮತ್ತೆ ಮುಚ್ಚಿ ಪಂಪು ಬಿಟ್ಟೆ.

ಎಣ್ಣೆ ಬೀಳತೊಡಗಿದ ಮೇಲೆ ಬಡಿತ ಮತ್ತೆ ಶುರುವಾಯಿತು. ಮೊದಲು ನಮ್ಮ ಮೊಣಕಾಲಿನ ಎತ್ತರದಲ್ಲಿ, ಆಮೇಲೆ ಎದೆಯ ಎತ್ತರದಲ್ಲಿ, ಆಮೇಲೆ ತಲೆಯ ಮೇಲೆ. ಎಣ್ಣೆ ಏರಿದಂತೆಲ್ಲ ಅದೂ ಏರುತ್ತಿತ್ತು. ಪಂಪು ನಿಲ್ಲಿಸಲು ಕೈ ಚಾಚಿದೆ. ಮುನಿವೆಂಕಟಪ್ಪ ನನ್ನ ತೋಳು ಹಿಡಿದುಕೊಂಡ. "ಬ್ಯಾಡಣ್ಣ. ನಾನ್ ಇಲ್ಲೇ ಇದೀನಲ್ಲ, ಇಲ್ಲೇ ಇದೀನಲ್ಲ," ಎಂದು ಅಳುತ್ತಿದ್ದ. ಟ್ಯಾಂಕಿನ ನೆತ್ತಿಯ ಹತ್ತಿರ ಬಡಿತ ಜೋರಾಗಿ, ನಿಂತುಹೋಯಿತು.

ಬಿಸಿಲಿಗೆ ಕಾದ ಕಬ್ಬಿಣಕ್ಕೆ ಎಣ್ಣೆ ತಾಗಿದರೆ ಸದ್ದಾಗುತ್ತದೆ. ಬಡಿತಕ್ಕೆ ಹಾಗೆ ಸಮಾಧಾನ ಹೇಳಿಕೊಳ್ಳಬಹುದು. ಆವಿ ತಲೆಗೇರಿದ್ದರೆ ಅವನಿಗೆ ಏರಿರಬೇಕು. ಗಾಳಿಯಲ್ಲಿ ನಿಂತಿದ್ದ ನನಗೆ ಆ ದನಿ ಹೇಗೆ ಕೇಳಿಸಿತು?

ಮರುದಿನದಿಂದ ಅವನು ಡಿಪೋಗೆ ಬರಲಿಲ್ಲ. ಗಣಿಗಳ ಪಕ್ಕದ ಕೋರಮಂಡಲ್ ಕಡೆ ಗಾರೆ ಕೆಲಸಕ್ಕೆ ಸೇರಿದನೆಂದು ತಿಳಿಯಿತು. ಒಮ್ಮೆ ಸಂತೆಯಲ್ಲಿ ಅವನ ಹೆಂಡತಿ ಸಿಕ್ಕಳು. "ಮನೇಲಿ ಮಾತೇ ಆಡಲ್ಲ ಕಣಣ್ಣ. ಕರದ್ರೆ 'ಓ' ಅನ್ನಕ್ಕೂ ಎದರ್ತಾರೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಷ್ಟೋ ವರ್ಷಗಳ ಮೇಲೆ ಸ್ಟೇಷನ್ನಿನಲ್ಲಿ ಅವನೇ ಸಿಕ್ಕ. ತಲೆ ನರೆತಿತ್ತು. ಮಕ್ಕಳ ವಿಷಯ, ಮಳೆಯ ವಿಷಯ ಕೇಳಿದೆ. ಹೂಂ, ಉಹೂಂ ಅಂದ, ಅಷ್ಟೆ. ರೈಲು ಬಂದಾಗ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

"ಅಣ್ಣಾ, ಅವತ್ತು ನೀನು ಈಚೆಗೆ ಎಳ್ಕಂಡಿದ್ದು ನನ್ನನ್ನೇ ತಾನೆ?"

"ನಿನ್ನನ್ನೇ ಕಣ್ಲಾ," ಎಂದು ಅವನ ಕೈ ಹಿಡಿದುಕೊಂಡೆ. ಬೆಚ್ಚಗೇ ಇತ್ತು. ಆದರೆ ಹೇಳುವ ಮುಂಚೆ ಒಂದು ಗಳಿಗೆ ನನ್ನ ನಾಲಿಗೆ ತಡೆದಿತ್ತು. ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ತಡೆದದ್ದು ಅವನಿಗೆ ತಿಳಿಯಿತು.