ಫ್ಯಾನ್ ಬೇಡದ ಊರಿನಲ್ಲಿ

ಬೆಂಗಳೂರಿನ ಹವೆಯನ್ನು ಯಾರಾದರೂ ಒಂದು ಮಾತು ಅಂದರೆ ನಮ್ಮ ಮಾವನವರಿಗೆ ತಮ್ಮನ್ನೇ ಬೈದಷ್ಟು ಕೋಪ ಬರುತ್ತಿತ್ತು. ಕೆ.ಆರ್. ಪುರದ ಹಳೇ ಒಕ್ಕಲು ಅವರು. ರಾಗಿ ಬೆಳೆದ ಹೊಲಗಳೆಲ್ಲ ಸೈಟುಗಳಾಗಿ ಹೋಗಿದ್ದರೂ ಊರಿನ ಗಾಳಿ ಮಾತ್ರ ಇನ್ನೂ ತಮ್ಮದೇ ಸ್ವತ್ತು ಎಂದುಕೊಂಡಿದ್ದರು. "ಫ್ಯಾನು ಮದ್ರಾಸ್‌ನೋರಿಗೆ ಕಣಮ್ಮ. ಬೆಂಗ್ಳೂರಾಗೆ ಫ್ಯಾನ್ ಹಾಕೋದಂದ್ರೆ ನಮ್ಮೂರಿಗೇ ಅವಮಾನ" ಅನ್ನುತ್ತಿದ್ದರು.

ಹಳೇ ಹೆಂಚಿನ ಮನೆಯ ಮಟ್ಟಿಗೆ ಆ ಮಾತು ಸುಳ್ಳೇನಲ್ಲ. ದಪ್ಪ ಮಣ್ಣಿನ ಗೋಡೆ, ಯುಗಾದಿ ಕಳೆದರೂ ನಡುಮನೆ ತಂಪು. ತೊಂಬತ್ತರ ದಶಕದ ಕೊನೆಯಲ್ಲಿ ಅದನ್ನು ಕೆಡವಿಸಿ ಆರ್‌ಸಿಸಿ ಮನೆ ಕಟ್ಟಿಸಲು ಹೊರಟರು. ಅದು ಮುಗಿಯುವ ತನಕ ನಾವೆಲ್ಲ ಬೈಯಪ್ಪನಹಳ್ಳಿಯ ಬಾಡಿಗೆ ಮನೆಯಲ್ಲಿದ್ದೆವು. ಮೇಲಿನ ಮಹಡಿ, ತಾರಸಿ ನೆತ್ತಿಯ ಮೇಲೇ. ನಾನು ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದೆ, ಅಂಥದ್ದೇ ತಾರಸಿಯ ಕೆಳಗೆ. ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ಅದನ್ನು ನಮ್ಮ ಮೇಲೆ ಕಕ್ಕುವ ಅದರ ಬುದ್ಧಿ ನನಗೆ ಚೆನ್ನಾಗಿ ಗೊತ್ತಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಆ ವರ್ಷ ಅದಕ್ಕೂ ಮುಂಚೆಯೇ ಓಡಿಹೋಯಿತು. ನಡುವೆ ಒಂದು ಸಂಜೆ ನಾಲ್ಕು ಹನಿ ಮಳೆ. ಅಯ್ಯೋ, ಅದು ಬಾರದಿದ್ದರೇ ಚೆನ್ನಾಗಿತ್ತು! ನೆಲದ ಕಾವೆಲ್ಲ ಮೇಲೆದ್ದು, ಅಗಸರು ಉಬ್ಬೆಗೆ ಹಾಕಿದ ಬಟ್ಟೆಯ ಹಾಗೆ ಮನೆಯೊಳಗೇ ಬೆಂದೆವು. ನನ್ನ ಮಗಳು ಇನ್ನೂ ಹಸುಗೂಸು. ಅದರ ಬೆನ್ನು, ಕತ್ತು, ಕಂಕುಳೆಲ್ಲ ಕೆಂಪಗೆ ಬೆವರುಗುಳ್ಳೆ. ಪೌಡರ್ ಹಾಕಿದೆ, ಗಂಧ ತೇಯ್ದು ಹಚ್ಚಿದೆ. ಬೀಸಣಿಗೆ ನಿಲ್ಲಿಸಿದರೆ ಸಾಕು, ಕಿಟಾರನೆ ಕಿರುಚುತ್ತಿತ್ತು. ಮಾವ ಮಾತ್ರ ತಲೆಯ ಮೇಲೆ ಒದ್ದೆ ಟವಲ್ ಹಾಕಿಕೊಂಡು, ಕೆಳಗೆ ಹೊಂಗೆ ಮರದ ಬುಡದಲ್ಲಿ ಕೂತಿರುತ್ತಿದ್ದರು. "ಸೆಕೆನಾ ಮಾವ?" ಅಂದರೆ, "ಸೆಕೆ ಎಲ್ಲೈತೆ? ಬಸ್ಸು ನೋಡ್ತಾ ಕೂತಿವ್ನಿ" ಎನ್ನುತ್ತಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು!

ಹೊಸ ಮನೆಗೂ ಅದೇ ಕಟ್ಟಪ್ಪಣೆ. ತಾರಸಿಯಲ್ಲಿ ಒಂದು ಕೊಕ್ಕೆಯೂ ಇರಕೂಡದೆಂದು ಮೇಸ್ತ್ರಿಗೆ ಹೇಳಿಬಿಟ್ಟಿದ್ದರು. ಫ್ಯಾನ್ ನೇತುಹಾಕುವ ಕೊಕ್ಕೆಯನ್ನು ಮೌಲ್ಡು ಹಾಕುವುದಕ್ಕೆ ಮುಂಚೆಯೇ ತಾರಸಿಯ ಕಂಬಿಗಳಿಗೆ ಬಿಗಿಯಬೇಕು. ಕಾಂಕ್ರೀಟು ಬಿದ್ದು ಗಟ್ಟಿಯಾದರೆ ಮುಗಿಯಿತು. ಮಾವನ ತಾರಸಿಗೆ ತೂತು ಕೊರೆಯುವಂಥ ಗಂಡಸು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡನಿಗೆ ಹೇಳಿ ನೋಡಿದೆ. "ಕೋಳಿ ಕೇಳಿ ಖಾರ ಅರೀತಾರೇನೇ? ಅಪ್ಪಂಗೆ ಯಾರು ಹೇಳ್ತಾರೆ" ಎಂದು ಸ್ಕೂಟರ್ ಒದ್ದು ಹೊರಟೇಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಊರಭಿಮಾನಕ್ಕೆ ನನ್ನ ಮಗಳು ಬೇಸಿಗೆ ಬೇಸಿಗೆಗೂ ಬೇಯಬೇಕೇನು?

ತವರಿಗೆ ಹೋಗಿ ಬರುವ ನೆವ ಮಾಡಿಕೊಂಡು ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಒಂದಿಷ್ಟು ಕೊಕ್ಕೆ ಕೊಂಡೆ. ಮಗುವಿನ ಬಟ್ಟೆಗಳ ಅಡಿಯಲ್ಲಿ ತುರುಕಿ ಬಸ್ಸು ಹತ್ತಿದೆ.

ಮೌಲ್ಡಿನ ದಿನ ಪೂಜೆಯಾಯಿತು, ತೆಂಗಿನಕಾಯಿ ಒಡೆದರು. ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಕೊಕ್ಕೆ ತೋರಿಸಿದೆ. "ಯಜಮಾನ್ರು ಬೇಡಾಂದವ್ರೆ ಅಮ್ಮಾ, ನಂಗ್ಯಾಕೆ ಬೈಗುಳ" ಅಂದ. ಸರಿ ಬಿಡು, ನೋಡಿಯೇಬಿಡೋಣ ಅಂದುಕೊಂಡೆ. ಮಿಕ್ಸರ್ ಗಡಗಡ ತಿರುಗುವ ತನಕ ಬಾಯಿ ಮುಚ್ಚಿಕೊಂಡು ಕಾದೆ. ಕಲಸಿದ ಕಾಂಕ್ರೀಟು ಯಾರಪ್ಪನಿಗೂ ಕಾಯುವುದಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಳುವಿನ ಏಣಿ ಹತ್ತಿ, ಕಂಬಿಗಳ ಮಧ್ಯೆ ಹೋಗಿ ಕೂತುಬಿಟ್ಟೆ. ಕಂಬಿ ಬಿಸಿಲಿಗೆ ಕೆಂಡವಾಗಿತ್ತು. ಏಳಲಿಲ್ಲ.

"ಏನಮ್ಮ ಇದು! ಇಳಿ ಕೆಳಕ್ಕೆ! ಮಾನ ಮರ್ವಾದೆ ಐತಾ?" ಮಾವನ ಗಂಟಲು ಮಿಕ್ಸರಿನ ಸದ್ದನ್ನೂ ಮೀರಿತು.

"ಕೊಕ್ಕೆ ಕಟ್ಸಿ ಮಾವ, ಇಳೀತೀನಿ. ಇಲ್ಲಾಂದ್ರೆ ನನ್ನೂ ಸೇರ್ಸಿ ಮೌಲ್ಡು ಹಾಕ್ಸಿ."

ಬಾಣಲಿ ಹೊತ್ತ ಹೆಂಗಸರು ನಿಂತಲ್ಲೇ ನಿಂತರು. ಒಬ್ಬಳು ಕಿಸಕ್ಕನೆ ನಕ್ಕಳು. ನನ್ನ ಯಜಮಾನರು ಮರಳಿನ ರಾಶಿಯ ಹಿಂದೆ ನಿಂತು ಆಕಾಶ ನೋಡುತ್ತಿದ್ದರು.

ಆಗ ಅತ್ತೆ ಏಣಿಯ ಬುಡಕ್ಕೆ ಬಂದರು. ಮದುವೆಯಾಗಿ ಬಂದಂದಿನಿಂದ ಗಂಡನಿಗೆ ಒಂದು ಎದುರು ಮಾತೂ ಆಡಿದವರಲ್ಲ. ನನ್ನನ್ನು ಇಳಿಸಲು ಬಂದರು, ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮಗುವನ್ನು ಭುಜಕ್ಕೆ ಹಾಕಿಕೊಂಡು, ಕತ್ತೆತ್ತಿ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಅಮ್ಮಣ್ಣಿ, ಅಡುಗೆಮನೆಗೂ ಒಂದು ಕಟ್ಸು."

ಹಳೇ ಮನೆಯ ತಂಪನ್ನು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಅದೇ ಮನೆಯಲ್ಲಿ ಅತ್ತೆ ಆಯುಷ್ಯವೆಲ್ಲ ಸೌದೆ ಒಲೆಯ ಮುಂದೆ ಕೂತಿದ್ದರು ಎನ್ನುವುದು ನನಗೂ ಹೊಳೆದಿರಲಿಲ್ಲ.

ಮಾವ ಅವರ ಕಡೆ ತಿರುಗಿದರು. "ನಿಂಗೂ ಬೇಕಾ?"

"ಬೇಕು."

ಮಾವ ಟವಲ್ ಕೊಡವಿ ಮೇಸ್ತ್ರಿಯ ಮೇಲೆ ಹರಿಹಾಯ್ದರು. "ಏನ್ ಬಾಯ್ ಬಿಟ್ಕೊಂಡ್ ನಿಂತಿದ್ದೀಯಯ್ಯ, ಕಟ್ಟು! ಕಾಂಕ್ರೀಟ್ ಒಣಗ್ತೈತೆ!" ಗೆದ್ದುಬಿಟ್ಟೆ ಕಣ್ರೀ! ಅಡುಗೆಮನೆಯ ಕೊಕ್ಕೆಯನ್ನು ಮಾತ್ರ ಮೇಸ್ತ್ರಿಯ ಕೈಗೆ ಕೊಡದೆ ನಾನೇ ತಂತಿ ಸುತ್ತಿ ಬಿಗಿದೆ.

ಮುಂದಿನ ಬೇಸಿಗೆಗೆ ಹೊಸ ಮನೆಯಲ್ಲಿದ್ದೆವು. ಮಗಳು ಫ್ಯಾನಿನ ಕೆಳಗೆ ಬೋರಲು ಮಲಗಿ ಗೊರಕೆ ಹೊಡೆಯುತ್ತಿದ್ದಳು, ಬೆನ್ನಿನ ಮೇಲೆ ಒಂದು ಗುಳ್ಳೆ ಇಲ್ಲ. ಅಡುಗೆಮನೆಯಲ್ಲಿ ಮಾತ್ರ ಫ್ಯಾನ್ ಹಾಕಿದೊಡನೆ ಗ್ಯಾಸ್ ಒಲೆಯ ಉರಿ ಆರಿಹೋಗುತ್ತಿತ್ತು. ಬಂದವರೆಲ್ಲ ನಕ್ಕರು, ಇದೆಂಥ ದಂಡದ ಕೆಲಸ ಅಂದರು. ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. ಅಡುಗೆ ಮುಗಿಸಿ, ಒಲೆ ಆರಿಸಿ, ಫ್ಯಾನಿನ ಅಡಿಗೆ ಮಣೆ ಎಳೆದುಕೊಂಡು, ತುರುಬು ಬಿಚ್ಚಿ, ಕಾಲು ಚಾಚಿ ಕೂರುವರು.

ಒಂದು ಮಧ್ಯಾಹ್ನ ನಡುಮನೆಯಿಂದ ಮಾವ ಕೂಗಿದರು. "ಏಯ್, ಕಾಫಿ!"

"ಒಲೆ ಹಚ್ಚಿದ್ರೆ ಫ್ಯಾನ್ ಆರಿಸ್ಬೇಕು," ಅತ್ತೆ ಕೂತಲ್ಲಿಂದಲೇ ಅಂದರು. "ನಾನು ಆರ್ಸಲ್ಲ. ನೀರು ಕುಡೀರಿ."

ಮಾವ ಎದ್ದು ಹೋಗಿ ನೀರು ಕುಡಿದರು.