ಮೂರನೇ ಡಿಸ್ಕು

ಚನ್ನಗಿರಿಯಲ್ಲಿ ನಮ್ಮದೊಂದು ಹಾಡು ಕೂಡಿಡುವ ಕಚೇರಿ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹೆಂಗಸರ ಸೋಬಾನೆ, ಬೀಸುವ ಪದಗಳನ್ನು ರೆಕಾರ್ಡ್ ಮಾಡಿ ತರುವವರು ಬೇರೆ. ಕಂಪ್ಯೂಟರಿನಲ್ಲಿ ಕಾಪಾಡುವವನು ನಾನು. ಕಾಪಾಡುವವನಂತೆ, ಥೂ!

ಕಸ ಗುಡಿಸಿ ಟೀ ಕೊಡುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಬಿಳಿಚೋಡಿನವಳು. ತೀರಿಹೋದ ಅವಳ ಅವ್ವ ಹಾಡಿದ ಒಂದು ಬೀಸುವ ಪದ ನಮ್ಮಲ್ಲಿತ್ತು. ಆ ದನಿ ಬೇರೆಲ್ಲೂ ಇರಲಿಲ್ಲ. ಅಕ್ಕನದು ಬಟನ್ ಫೋನು, ಅದಕ್ಕೆ ಹಾಡು ತುಂಬಿಕೊಡಲು ಬರುತ್ತಿರಲಿಲ್ಲ. ಪ್ರತಿ ಶುಕ್ರವಾರ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಅವ್ವನ್ನ ಹಾಕ್ರಿ ಸಾರ್" ಅನ್ನುತ್ತಿದ್ದಳು. ಹಾಕಿ ನನ್ನ ಕೆಲಸಕ್ಕೆ ತಿರುಗುತ್ತಿದ್ದೆ.

ಆ ವರ್ಷ ಹಾಡುಗಳನ್ನೆಲ್ಲ ನೆಟ್‌ವರ್ಕಿನ ಹೊಸ ಸ್ಟೋರೇಜ್ ಪೆಟ್ಟಿಗೆಯ ಒಂದು ಡಿಸ್ಕಿಗೆ ತುಂಬಿ, ರೆಕಾರ್ಡರುಗಳನ್ನು ಖಾಲಿ ಮಾಡಿದ್ದೆ. ಒಂದರೊಳಗೇ ಹಲವು ಕಂಪ್ಯೂಟರಿನಂತೆ ವರ್ಚುವಲ್ ಮಷೀನ್‌ಗಳು ಓಡುವ ನಮ್ಮ ಮೂರು ಸರ್ವರ್‌ಗಳು ಮಾತ್ರ, ಪಾಸ್‌ವರ್ಡ್ ಕೊಟ್ಟು, ಆ ಪೆಟ್ಟಿಗೆ ತೆರೆಯಬೇಕು. ಮೂರರಲ್ಲೂ ಅದನ್ನೇ ಕುಟ್ಟುತ್ತ ಕೂರಲು ನನಗೆ ತಾಳ್ಮೆ ಎಲ್ಲಿ? ಎಲ್ಲವನ್ನೂ ತಾನೇ ಮಾಡಿ ಮುಗಿಸುವ ಸ್ಕ್ರಿಪ್ಟ್ ಬರೆದೆ: ಮೂರನೇ ಜಾಗದ ಖಾಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡು, ಅಂದರೆ ಪೂರ್ತಿ ಅಳಿಸಿ ಅಣಿಗೊಳಿಸು, ಪಾಸ್‌ವರ್ಡ್ ಹಾಕು, ಮೂರೂ ಸರ್ವರಿಗೆ ಜೋಡಿಸು. ಹಾಡುಗಳ ಎರಡನೇ ಪ್ರತಿ ಹೋಗಬೇಕಿದ್ದದ್ದು ಅದಕ್ಕೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೆಟ್ಟಿಗೆ ಆಫ್ ಮಾಡಿ ಡಿಸ್ಕುಗಳನ್ನು ಹೊರಗೆಳೆದೆ. ಅಕ್ಕ ಧೂಳು ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟಳು. ವಾಪಸ್ ಕೂರಿಸಿದವನು ನಾನೇ, ಮಂಡಕ್ಕಿ ಮೆಲ್ಲುತ್ತ. ಯಾವುದು ಎಲ್ಲಿತ್ತೆಂದು ನೋಡಲಿಲ್ಲ. ಹಬ್ಬ ಕಳೆದು ಸ್ಕ್ರಿಪ್ಟ್ ಓಡಿಸಿದೆ. ಒಂದು ತಕರಾರೂ ಇಲ್ಲದೆ ಮುಗಿಯಿತು. ಆಮೇಲೆ ನೋಡಿದರೆ ಮೂರನೇ ಜಾಗದಲ್ಲಿದ್ದದ್ದು ಹಾಡಿನ ಡಿಸ್ಕು. ಹಾಡೆಲ್ಲ ಅಳಿಸಿಹೋಗಿದ್ದವು. ದಾವಣಗೆರೆಯ ಡಿಸ್ಕು ರಿಪೇರಿಯವರಿಗೆ ಒಯ್ದು ತೋರಿಸಿದೆ. ಏನೂ ಸಿಗಲಿಲ್ಲ.

ಶುಕ್ರವಾರ ಅಕ್ಕ ಬಂದಳು. ಅವ್ವನ ಪದ ಅಳಿಸಿಹೋಯಿತೆಂದು ಹೇಳಿದೆ.

"ನಾನು ಒರೆಸಾಕೆ ಹೋಗಿದ್ಕೆ ಹಿಂಗಾತೇನ್ರಿ ಸಾರ್?"

"ಇಲ್ಲಕ್ಕಾ, ತಪ್ಪು ನಂದು. ಪೂರ್ತಿ ನಂದೇ."

ಗೋಡೆಗೆ ಒರಗಿ ಕೂತಳು. ಬಾಯಿಗೆ ಬಂದಂತೆ ಬೈದಿದ್ದರೆ ನನ್ನ ಸಂಕಟ ಒಂದಿಷ್ಟು ಇಳಿಯುತ್ತಿತ್ತು. ಬೈಯಲಿಲ್ಲ. ತಾನೇ ಆ ಪದ ಗುನುಗಿದಳು. ಎರಡು ಸಾಲಿಗೆ ನಿಂತುಹೋಯಿತು.

"ಮುಂದಿಂದು ನೆನಪಿಗೇ ಬರ್ತಿಲ್ಲ ನೋಡ್ರಿ. ನೀವೂ ವಾರ ವಾರ ಇಲ್ಲೇ ಕುಂತು ಕೇಳೀರಲ್ಲ ಸಾರ್, ಆಮೇಲೆ ಏನಂತಾಳೆ ಅವ್ವ?"

ಅಷ್ಟೂ ಶುಕ್ರವಾರ ನಾನು ಅದೇ ಕೋಣೆಯಲ್ಲಿದ್ದೆ. ತಲೆ ಕೆರೆದುಕೊಂಡೆ, ಕಣ್ಣು ಮುಚ್ಚಿದೆ. ಒಂದು ಸಾಲೂ ಬರಲಿಲ್ಲ.

"ಗೊತ್ತಿಲ್ಲಕ್ಕಾ" ಅಂದೆ.