ಎಣ್ಣೆ ಕಾಣದ ಹಿಂಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಲ್ಲಿಯ ಕಡೆಯ ಮನೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಸಿದ್ಧವಾಗಿದೆ, ಸೂಜಿಗೆ ದಾರವೂ ಪೋಣಿಸಿದೆ. ಆದರೆ ದರ್ಜಿಯಮ್ಮ ತುಳಿಯುತ್ತಿಲ್ಲ. ಕಿವಿಯೆಲ್ಲ ಎದುರಿನ ಬಟ್ಟೆ ಕಾರ್ಖಾನೆಯ ಕಡೆಗೆ. ಕಿರ್ರ್... ಅದರ ಹಿಂಬಾಗಿಲು ತೆರೆಯುತ್ತದೆ. "ಹಾಂ, ತೆಗೆದ್ರು," ಎಂದು ನಕ್ಕು ಕೆಲಸ ಶುರು ಮಾಡುತ್ತಾರೆ.

ಎಲ್ಲರ ಬಾಯಲ್ಲೂ ಇವರು ಬಾಗಿಲಕ್ಕ. ಅದೇ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಹೊಲಿದವರು. ನೂರಹನ್ನೆರಡು ಹೆಂಗಸರಿಗೆ ಆಗ ಮುಂದಿನದೊಂದೇ ಬಾಗಿಲು. ಬಟ್ಟೆ ಕಳುವಾಗುತ್ತದೆಂದು ಹಿಂದಿನದಕ್ಕೆ ಬೀಗ. ಇಸ್ತ್ರಿ ಕೋಣೆಯಲ್ಲಿ ಹೊಗೆ ಎದ್ದ ದಿನ ನೂಕುನುಗ್ಗಲಿನಲ್ಲಿ ಒಬ್ಬಾಕೆಯ ಕೈ ಮುರಿಯಿತು. "ಬೀಗ ತೆಗೀರಿ ಅಂತ ಮಾಲೀಕರಿಗೆ ಮೂರು ಸಲ ಹೇಳ್ದೆ. ಗೋಡೆಗೆ ಹೇಳಿದ್ರೆ ಮಾರ್ದನಿಯಾದ್ರೂ ಬರ್ತಿತ್ತು," ಎನ್ನುತ್ತಾರೆ ಬಾಗಿಲಕ್ಕ.

ಮಾಲೀಕರು ಬಾಗಿಲಕ್ಕನ ಚರ್ಚಿನ ಹಿರಿಯರೂ ಹೌದು. ಮುಂದಿನ ಬೆಂಚು, ಗಟ್ಟಿ ಗಂಟಲು. ಭಾನುವಾರದ ಆರಾಧನೆಯಲ್ಲಿ ಯಾರು ಬೇಕಾದರೂ ಎದ್ದು ಬೇಡಿಕೆ ಹೇಳಬಹುದು; ಸಭೆಯೆಲ್ಲ "ಕರ್ತನೇ, ನಮ್ಮ ಮೊರೆ ಕೇಳು" ಎನ್ನಬೇಕು. ಮೂರು ಸಲ ಹೇಳಿ ಸೋತ ಮೇಲಿನ ಭಾನುವಾರ, ಕಾಯಿಲೆ, ಪರೀಕ್ಷೆ, ಪ್ರಯಾಣದ ಬೇಡಿಕೆಗಳೆಲ್ಲ ಮುಗಿದ ಮೇಲೆ ಬಾಗಿಲಕ್ಕ ಎದ್ದರು. "ಕಾರ್ಖಾನೆ ಹಿಂಬಾಗಿಲ ಬೀಗ ತೆಗೆಯೋ ಮನಸ್ಸು ಕೊಡಪ್ಪಾ, ದೇವರೇ." ಅಭ್ಯಾಸಬಲ ನೋಡಿ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ "ಕರ್ತನೇ, ನಮ್ಮ ಮೊರೆ ಕೇಳು" ಎಂದವರು ಮಾಲೀಕರೇ!

ಸೋಮವಾರ ಕೆಲಸ ಹೋಯಿತು. ಚರ್ಚಿನ ಗಾಯನ ತಂಡದ ಜಾಗವೂ ಹೋಯಿತು. ಆರು ತಿಂಗಳು ಆಕೆಯ ಬೆಂಚಿನಲ್ಲಿ ಗಂಡನನ್ನು ಬಿಟ್ಟು ಬೇರೆ ಯಾರೂ ಕೂರಲಿಲ್ಲ.

"ಕಾಲು ಚಾಚ್ಕೊಂಡು ಪಾದ್ರಿಗಳ ಪ್ರಸಂಗ ಕೇಳಿದ್ದು ಆವಾಗ್ಲೇ," ಎನ್ನುತ್ತಾರೆ ಗಂಡ.

"ಕೇಳಿದ್ದಾ? ಗೊರಕೆ ಹೊಡೆದಿದ್ದನ್ನೂ ಹೇಳಿ!"

ನಗು ಇಳಿದ ಮೇಲೆ ಬಾಗಿಲಕ್ಕ ಮೆಲ್ಲಗೆ ಹೇಳುತ್ತಾರೆ: "ಅತ್ತಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಆ ಭಾನುವಾರ ಪಕ್ಕದಲ್ಲೇ ಅವಳು ಮುರಿದ ಕೈ ಇಟ್ಕೊಂಡು ಕೂತಿರೋವಾಗ, ಬರೀ ನನ್ನ ಮಂಡಿನೋವಿಗೆ ಹೇಗಪ್ಪಾ ಪ್ರಾರ್ಥನೆ ಮಾಡ್ಲಿ?"

ಏಳನೇ ತಿಂಗಳು ಆ ಕೈಮುರಿದಾಕೆಯೇ ಎದ್ದು ಅದೇ ಬೇಡಿಕೆ ಇಟ್ಟಳು. ಮುಂದಿನ ವಾರ ಮತ್ತೊಬ್ಬಳು, ಆಮೇಲೆ ಐವರು. ಮಾಲೀಕರು ವಾರ ವಾರ "ಮೊರೆ ಕೇಳು" ಎನ್ನಬೇಕಾಯಿತು. ದನಿ ತಗ್ಗುತ್ತಾ ಬಂತು. ಕೊನೆಗೊಂದು ದಿನ ಬೀಗ ಕಳಚಿತು.

ಬಾಗಿಲಕ್ಕನನ್ನು ಮಾತ್ರ ಯಾರೂ ಕೆಲಸಕ್ಕೆ ಮರಳಿ ಕರೆಯಲಿಲ್ಲ. ಈಗ ದಿನಕ್ಕೆ ಇಪ್ಪತ್ತು ಹರಿದ ಬಟ್ಟೆ, ನಾಲ್ಕೈದು ಜಿಪ್ಪು. ಊಟದ ಬಿಡುವಿನಲ್ಲಿ ಹಳೆಯ ಗೆಳತಿಯರು ಅದೇ ಹಿಂಬಾಗಿಲಿನಿಂದ ಬಂದು ಮನೆ ತುಂಬುತ್ತಾರೆ.

ಇವತ್ತು ಕಾರ್ಖಾನೆಯ ಕಾವಲುಗಾರನೂ ಬಂದಿದ್ದಾನೆ. "ಅಕ್ಕಾ, ಒಂಚೂರು ಮಿಷನ್ ಎಣ್ಣೆ ಕೊಡಿ. ಆ ಬಾಗಿಲ ಕಿರಿಕಿರಿ ತಡೆಯೋಕಾಗ್ತಿಲ್ಲ."

ಬಾಗಿಲಕ್ಕ ಎಣ್ಣೆ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. "ನಡಿಯಪ್ಪಾ ನಡಿ! ನನಗಿರೋದು ಒಂದೇ ಆಸೆ. ಆ ಬಾಗ್ಲು ತೆಗೆದಿದ್ದು ದಿನಾ ಇಲ್ಲೀವರ್ಗೂ ಕೇಳಿಸ್ಬೇಕು."